‘ದೊಡ್ಡ ನಾಜಲ್’ ಎಂದರೇನು? : ಡೀಸೆಲ್ ಗಾಡಿಯ ಒಂದು ವೃತ್ತಿಪದ

ಗಡಿನಾಡಿನ ವೃತ್ತಿಪದಗಳನ್ನು ಕೂಡಿಹಾಕುವವರು ನೇಯ್ಗೆ, ಬೇಸಾಯ, ಕುಂಬಾರಿಕೆಗಳ ಕಡೆಗೆ ಹೋಗುವುದು ರೂಢಿ. ಲಾರಿ ರಿಪೇರಿಯ ಶೆಡ್ಡಿಗೂ ಹೋಗಬೇಕಾಗಿದೆ. ಹೊಸೂರಿನಲ್ಲಿ ಅಶೋಕ್ ಲೇಲ್ಯಾಂಡ್ ಕಾರ್ಖಾನೆ 1980ರಿಂದ ಇದೆ. ಬೆಂಗಳೂರಿನಲ್ಲಿ 1951ರಲ್ಲಿ ಆರಂಭವಾದ ಮೈಕೋ (2008ರಿಂದ ಬಾಷ್ ಲಿಮಿಟೆಡ್) ಡೀಸೆಲ್ ಪಂಪು, ನಾಜಲ್ಲುಗಳಿಗೆ ಹೆಸರಾದದ್ದು. ಇಂಥ ಕಡೆ ‘ನಾಜಲ್’ ಇಂಗ್ಲಿಷ್ ಎರವಲು ಎಂದು ಗುರುತು ಹಾಕಿಬಿಟ್ಟರೆ ಕೆಲಸ ಮುಗಿಯದು. ‘ದೊಡ್ಡ ನಾಜಲ್ ಹಾಕಿದ್ರೆ ಗಾಡಿ ಚೆನ್ನಾಗಿ ಎಳೀತದೆ’ ಎಂದಾಗ ದೊಡ್ಡದು ಯಾವುದು ಎಂದು ಕೇಳದೆ ಅರ್ಥ ಬರೆದರೆ ನಮ್ಮ ನಮೂದು ತಪ್ಪಾಗುತ್ತದೆ.

ನಾಜಲ್ ಎಂದರೆ ಇಂಜೆಕ್ಟರಿನ ಮೂತಿ. ಅದರ ತುದಿಯ ಕೂದಲೆಳೆಯಂಥ ತೂತುಗಳಿಂದ ಡೀಸೆಲ್ ಮಂಜಿನಂತೆ ಸಿಡಿಯುತ್ತದೆ. ನಾಜಲ್ ಹೊರಗಿನಿಂದ ಅಷ್ಟೇ ಇರುತ್ತದೆ, ದೊಡ್ಡದಾಗುವುದು ತೂತು.

ಒಂದು ನಿಜವಾದ ಉದಾಹರಣೆ ನೋಡೋಣ. ಅಮೆರಿಕದಲ್ಲಿ 1994–98ರ ಡಾಡ್ಜ್ ರ‍್ಯಾಮ್ ಗಾಡಿಗಳ 5.9 ಲೀಟರಿನ ಕಮಿನ್ಸ್ ಎಂಜಿನನ್ನು ಹುರಿಗೊಳಿಸುವವರು ‘ಐದು-ಹನ್ನೆರಡು’, ‘ಐದು-ಹದಿನಾರು’ ಎಂದು ನಾಜಲ್ ಹೇಳುತ್ತಾರೆ. ಅಂದರೆ ಐದು ತೂತು, ಒಂದೊಂದರ ವ್ಯಾಸ ಇಂಚಿನ ಸಾವಿರದಲ್ಲಿ 12 ಅಥವಾ 16 ಪಾಲು (ಸುಮಾರು 0.30, 0.41 ಮಿ.ಮೀ.). ಹನ್ನೆರಡಕ್ಕೂ ಹದಿನಾರಕ್ಕೂ ಅಂತರ ಅಲ್ಪವೆಂದು ತೋರಬಹುದು. ಆದರೆ ಡೀಸೆಲ್ ಹರಿಯುವುದು ವಿಸ್ತೀರ್ಣದ ಲೆಕ್ಕದಲ್ಲಿ. ವ್ಯಾಸ ಮೂರನೆಯ ಒಂದು ಪಾಲು ಹೆಚ್ಚಿದರೆ ವಿಸ್ತೀರ್ಣ ಶೇ. 78ರಷ್ಟು ಹೆಚ್ಚುತ್ತದೆ.

ಹಾಗಾದರೆ ಶಕ್ತಿಯೂ ಅಷ್ಟೇ ಹೆಚ್ಚುವುದೇ? ಇಲ್ಲ. ಈ ಹಳೆಯ ಎಂಜಿನ್ನಿನಲ್ಲಿ ಎಷ್ಟು ಡೀಸೆಲ್ ಎಂಬುದನ್ನು ಅಳೆದು ಕೊಡುವುದು ಪಂಪು. ನಾಜಲ್ ನಿರ್ಧರಿಸುವುದು ಅದು ಎಷ್ಟು ಬೇಗ, ಎಷ್ಟು ನುಣ್ಣಗೆ ಒಳಹೋಗಬೇಕೆಂಬುದನ್ನು. ಪಂಪಿನ ಅಳತೆ ಹೆಚ್ಚಿಸಿದ ಗಾಡಿಗೆ ಸಣ್ಣ ತೂತು ಉಳಿಸಿದರೆ ಸಿಡಿತ ತಡವಾಗಿ ಮುಗಿದು ಸೈಲೆನ್ಸರಿಗೆ ಹೋಗುವ ಗಾಳಿ ವಿಪರೀತ ಕಾಯುತ್ತದೆ. ಅಲ್ಲಿ ದೊಡ್ಡ ತೂತು ಸರಿ. ಪಂಪು ಹಾಗೇ ಇದ್ದು ತೂತು ಮಾತ್ರ ಅತಿ ದೊಡ್ಡದಾದರೆ ಒತ್ತಡ ಕುಸಿದು ಹನಿ ದಪ್ಪಗಾಗುತ್ತದೆ, ‘ಗಾಡಿ ಹೊಗೆ ಕಕ್ತದೆ’. ಈಚಿನ ಕಾಮನ್ ರೈಲ್ ಎಂಜಿನ್ನಿನ ಮಾತು ಬೇರೆ. ಅಲ್ಲಿ ಕಂಪ್ಯೂಟರ್ ಬಾಗಿಲು ತೆರೆದಿಡುವ ಹೊತ್ತನ್ನು ಹೇಳುತ್ತದೆ. ಆದ್ದರಿಂದ ತೂತು ಹಿಗ್ಗಿದರೆ ಡೀಸೆಲ್ಲೇ ಹೆಚ್ಚು ಬೀಳುತ್ತದೆ. ಒಂದೇ ‘ದೊಡ್ಡ ನಾಜಲ್’ ಎರಡು ತಲೆಮಾರಿನ ಮೆಕ್ಯಾನಿಕ್ಕುಗಳ ಬಾಯಲ್ಲಿ ಎರಡು ಅರ್ಥ ಪಡೆಯುವುದು ಹೀಗೆ.

ಗಾಳಿಯ ಲೆಕ್ಕವೂ ಉಂಟು. ಒಂದು ಕಿಲೋ ಡೀಸೆಲ್ ಉರಿಯಲು ಕನಿಷ್ಠ ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ಹೊಗೆಯಿಲ್ಲದೆ ಉರಿಯಲು ಇನ್ನೂ ಹೆಚ್ಚು. ಟರ್ಬೊ ಅಷ್ಟು ಗಾಳಿ ತಳ್ಳದಿದ್ದರೆ ಹೆಚ್ಚುವರಿ ಡೀಸೆಲ್ ಕಪ್ಪು ಹೊಗೆಯಾಗಿ ಹೋಗುತ್ತದೆ, ಪಿಸ್ಟನ್ ಕರಗುವ ಭಯವೂ ಇದೆ. ಸಿಡಿತದ ಕೋನವೂ ಪಿಸ್ಟನ್ನಿನ ಗುಂಡಿಗೆ ಹೊಂದಬೇಕು. ಕೋನ ತಪ್ಪಿ ಡೀಸೆಲ್ ಸಿಲಿಂಡರಿನ ಗೋಡೆಗೆ ಬಡಿದರೆ ಅಲ್ಲಿನ ಆಯಿಲ್ ಪಸೆ ತೊಳೆದುಹೋಗುತ್ತದೆ.

ನಾಜಲ್ಲಿನ ಮೇಲೆ ಕೆತ್ತಿದ ಅಕ್ಷರವನ್ನೂ ಎಚ್ಚರದಿಂದ ಓದಬೇಕು. ಬಾಷ್ ಪದ್ಧತಿಯಲ್ಲಿ ‘ಡಿ.ಎಲ್.ಎಲ್.ಎ. 150 ಪಿ’ ಎಂದಿದ್ದರೆ 150 ಎಂಬುದು ಸಿಡಿತದ ಕೋನ, ತೂತಿನ ಅಳತೆಯಲ್ಲ. ‘ಪಿ’ಯ ಮುಂದಿನ ಅಂಕಿಯೂ ಅಳತೆಯಲ್ಲ, ವಿನ್ಯಾಸದ ಕ್ರಮಸಂಖ್ಯೆ.

ನಮ್ಮ ದೇಶದಲ್ಲಿ ರಸ್ತೆಗಿಳಿಯುವ ಗಾಡಿಯನ್ನು ಮನಬಂದಂತೆ ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯೊಡ್ಡುತ್ತದೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಆದುದರಿಂದ ಶೆಡ್ಡಿನಲ್ಲಿ ‘ನಾಜಲ್ ಸೈಜು’ ಎಂದು ಕೇಳಿದ ಕೂಡಲೇ ಸಂಗ್ರಾಹಕರು ಇಷ್ಟನ್ನು ವಿಚಾರಿಸುವುದು ಒಳ್ಳೆಯದು: ತೂತು ಎಷ್ಟು? ವ್ಯಾಸ ಎಷ್ಟು? ಕೋನ ಎಷ್ಟು? ಪಂಪು ಯಾವುದು? ಗಾಳಿ ಸಾಕೇ? ಈ ಐದೂ ಗೊತ್ತಾದ ಮೇಲೆ ಪದದ ಎದುರು ಅರ್ಥ ಬರೆಯಬಹುದು. ಗಾಡಿಗೆ ನಾಜಲ್ ಆರಿಸುವವನು ಕೇಳಬೇಕಾದ ಪ್ರಶ್ನೆಗಳೂ ಇವೇ.