ರಥ ಹೋಗಿ ಕೋಟೆ ಬಂತು

ಎಡಿನ್‌ಬರೋದ ಹಳೆವಸ್ತು ವ್ಯಾಪಾರಿಯೊಬ್ಬರು 1964ರಲ್ಲಿ ಐದು ಪೌಂಡ್ ಕೊಟ್ಟು ಪುಟ್ಟದೊಂದು ಬೊಂಬೆ ಕೊಂಡರು. ವಾಲ್ರಸ್ ದಂತದಲ್ಲಿ ಕೆತ್ತಿದ, ಕತ್ತಿ ಗುರಾಣಿ ಹಿಡಿದು ದಿಟ್ಟಿಸುವ ಗಡ್ಡದ ಸೈನಿಕ. ಮನೆಯ ಡ್ರಾಯರಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಅದು 2019ರ ಹರಾಜಿನಲ್ಲಿ 7,35,000 ಪೌಂಡಿಗೆ ಹೋಯಿತು!

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ 1831ರಲ್ಲಿ ಸಿಕ್ಕ ಪ್ರಸಿದ್ಧ ಚದುರಂಗ ಕಾಯಿಗಳ ಸಾಲಿನಿಂದ ತಪ್ಪಿಸಿಕೊಂಡಿದ್ದ ಕಾಯಿ ಅದು. ಹನ್ನೆರಡನೇ ಶತಮಾನದ ಈ ಸೈನಿಕ ಮಣೆಯ ಮೂಲೆಯಲ್ಲಿ ಕೂರುವವನು. ನಮ್ಮ ಆಟಗಾರರ ಬಾಯಲ್ಲಿ ಅವನು 'ಆನೆ', ಇಂಗ್ಲಿಷಿನಲ್ಲಿ 'ರೂಕ್'. ಅವನ ಸಂಗಾತಿಗಳಲ್ಲಿ ಕೆಲವರು ಕದನದ ಉನ್ಮಾದದಲ್ಲಿ ಗುರಾಣಿಯನ್ನೇ ಕಚ್ಚುತ್ತಿದ್ದಾರೆ.

ಭಾರತದ ಚತುರಂಗದಲ್ಲಿ ಆ ಜಾಗ ರಥದ್ದು. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆಯೇ ಆಟದ ಹೆಸರು. ಆಟ ಪರ್ಷಿಯಾಕ್ಕೆ ಹೋದಾಗ ರಥಕ್ಕೆ 'ರುಖ್' ಎಂಬ ಹೆಸರು ಬಂತು. ಅರಬರು ಅದನ್ನೇ ಉಳಿಸಿಕೊಂಡರು. ಆದರೆ ಇಸ್ಲಾಮೀ ಜಗತ್ತಿನ ಕುಶಲಕರ್ಮಿಗಳು ರೂಪ ಬಿಡಿಸದೆ, ನೆತ್ತಿ ಸೀಳಿದ ಗಿಡ್ಡ ತುಂಡೊಂದನ್ನು ರುಖ್ ಎಂದು ಕೆತ್ತುವುದೇ ಹೆಚ್ಚಾಗಿತ್ತು. ಯುರೋಪಿಗೆ ತಲುಪಿದ್ದು ಆ ತುಂಡು, ಜೊತೆಗೊಂದು ಅರ್ಥವಿಲ್ಲದ ಸದ್ದು. ಇಟಲಿಯಲ್ಲಿ 'ರೊಕ್ಕಾ' ಎಂದರೆ ಕೋಟೆ. ಕಿವಿಗೆ ಬಿದ್ದದ್ದು ಕಣ್ಣಿಗೂ ಕಂಡಿರಬೇಕು: ಕಾಯಿ ಗೋಪುರವಾಯಿತು. 1849ರಲ್ಲಿ ಮಾರುಕಟ್ಟೆಗೆ ಬಂದ ಸ್ಟಾಂಟನ್ ವಿನ್ಯಾಸ ಆ ಗೋಪುರವನ್ನೇ ಜಗತ್ತಿಗೆಲ್ಲ ಹಂಚಿತು.

ಎಲ್ಲರೂ ಒಪ್ಪಲಿಲ್ಲ. ಚೀನೀ ಚದುರಂಗದಲ್ಲಿ ಅದು ಇಂದಿಗೂ ರಥವೇ. ರಷ್ಯನ್ನರಿಗೂ ಬಂಗಾಳಿಗಳಿಗೂ ಅದು ದೋಣಿ. ನಮ್ಮದು ಇನ್ನೂ ತಮಾಷೆ: ಹಳೆಯ ಚತುರಂಗದ ಆನೆ ಯುರೋಪಿನಲ್ಲಿ ಬಿಷಪ್ ಆಗಿ ದೀಕ್ಷೆ ಪಡೆದರೆ, ಇಲ್ಲಿ ಆನೆ ರಥದ ಮೂಲೆಗೆ ಸರಿದು, ಬಿಷಪ್ಪನ ಮನೆಗೆ ಒಂಟೆ ಬಂತು. ಇಷ್ಟೆಲ್ಲ ವೇಷ ಬದಲಾದರೂ ನಡೆ ಮಾತ್ರ ಕದಲಲಿಲ್ಲ. ಹದಿನೈದನೇ ಶತಮಾನದ ಕೊನೆಯಲ್ಲಿ ಮಂತ್ರಿಗೂ ಬಿಷಪ್ಪಿಗೂ ಹೊಸ ಬಲ ಸಿಕ್ಕಿತು. ರೂಕ್ ಮೊದಲಿನಂತೆಯೇ ನೇರಕ್ಕೆ, ಅಡ್ಡಕ್ಕೆ ಓಡುತ್ತಿದೆ.

ಇಂಗ್ಲಿಷಿನಲ್ಲಿ ಇನ್ನೊಂದು ರೂಕ್ ಇದೆ, ಚದುರಂಗಕ್ಕೂ ಅದಕ್ಕೂ ನಂಟಿಲ್ಲ. ಅದು ಕಾಗೆಯ ದಾಯಾದಿ, ಬುಡ ಬೋಳಾದ ಕೊಕ್ಕಿನ ಹಕ್ಕಿ. ಕರ್ಕಶ ಕೂಗೇ ಅದರ ಹೆಸರಾಯಿತು. ಹದಿನಾರನೇ ಶತಮಾನದ ಹೊತ್ತಿಗೆ ಜೂಜಿನಲ್ಲಿ ಮೋಸ ಮಾಡುವವನಿಗೂ ಅದೇ ಹೆಸರು ಅಂಟಿತು. ಪಾಪದ ಹಕ್ಕಿ! ಮರದ ತುದಿಗಳಲ್ಲಿ ಗುಂಪುಗುಂಪಾಗಿ ಗೂಡು ಕಟ್ಟುವ ಅದರ ಸ್ವಭಾವದಿಂದ ಲಂಡನ್ನಿನ ಕಿಕ್ಕಿರಿದ ಕೊಳೆಗೇರಿಗಳು 'ರೂಕರಿ' ಎನಿಸಿದವು. ಸೇಂಟ್ ಜೈಲ್ಸ್‌ನ ರೂಕರಿ ಎಲ್ಲಕ್ಕಿಂತ ಕುಖ್ಯಾತ. 1840ರ ದಶಕದಲ್ಲಿ ನ್ಯೂ ಆಕ್ಸ್‌ಫರ್ಡ್ ಸ್ಟ್ರೀಟ್ ಅದನ್ನು ಸೀಳಿಕೊಂಡು ಹೋಯಿತು. ಒಕ್ಕಲೆದ್ದವರು ಪಕ್ಕದ ಓಣಿಗಳಿಗೇ ನುಗ್ಗಿ, ಅಲ್ಲಿ ಮೊದಲಿಗಿಂತ ಇಕ್ಕಟ್ಟಿನಲ್ಲಿ ಬದುಕಿದರು.