ರೋಗ ಒಬ್ಬರದ್ದು, ಕಾರಣ ಊರಿನದ್ದು

2019ರ ಜೂನ್ ಮೊದಲ ವಾರ ಕೊಚ್ಚಿಯಲ್ಲಿ 23 ವರ್ಷದ ವಿದ್ಯಾರ್ಥಿಯೊಬ್ಬನಿಗೆ ನಿಪಾ ಸೋಂಕು ಖಚಿತವಾಯಿತು. ರೋಗಿ ಒಬ್ಬನೇ. ಆದರೆ ಆರೋಗ್ಯ ಇಲಾಖೆ ಅವನ ಸಂಪರ್ಕಕ್ಕೆ ಬಂದ 300ಕ್ಕೂ ಹೆಚ್ಚು ಜನರನ್ನು ಹುಡುಕಿ ಪಟ್ಟಿ ಮಾಡಿ ನಿಗಾ ಇಟ್ಟಿತು. ಸೋಂಕು ಮತ್ತೊಬ್ಬರಿಗೆ ದಾಟಲಿಲ್ಲ. ಹುಡುಗನೂ ಗುಣಮುಖನಾಗಿ ಮನೆಗೆ ಮರಳಿದ.

ಹಿಂದಿನ ವರ್ಷ ಕೋಯಿಕ್ಕೋಡ್ ಮತ್ತು ಮಲಪ್ಪುರಂ ಜಿಲ್ಲೆಗಳಲ್ಲಿ ಸರ್ಕಾರದ ಲೆಕ್ಕದಂತೆ 17 ಜನ ನಿಪಾಕ್ಕೆ ಬಲಿಯಾಗಿದ್ದರು. ಆಗ ವೈರಸ್ಸನ್ನು ಮೊದಲು ಪತ್ತೆ ಹಚ್ಚಿದ್ದು ನಮ್ಮ ಮಣಿಪಾಲದ ಪ್ರಯೋಗಾಲಯ. ಯಾರಿಗೆ, ಎಲ್ಲಿ, ಯಾವಾಗ ಎಂದು ಪಟ್ಟಿ ಹಾಕಿ ನೋಡಿದಾಗ, ಬಹುಪಾಲು ಜನರಿಗೆ ಸೋಂಕು ತಗುಲಿದ್ದು ಆಸ್ಪತ್ರೆಗಳಲ್ಲೇ ಎಂಬುದು ತಿಳಿಯಿತು. ಕೊಚ್ಚಿಗೆ ಆ ಪಾಠ ನೆರವಾಯಿತು.

ಈ ಮೂರು ಪ್ರಶ್ನೆಗಳೇ ಎಪಿಡೆಮಿಯಾಲಜಿಯ ಮೊದಲ ಶಾಖೆ. ಅದನ್ನು ವಿವರಣಾತ್ಮಕ ಅಧ್ಯಯನ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ‘ಸಾಂಕ್ರಾಮಿಕ ರೋಗಶಾಸ್ತ್ರ’ ಎಂಬ ಹೆಸರು ಬಳಕೆಯಲ್ಲಿದೆ. ಆ ಹೆಸರಿನಿಂದಾಗಿ ಅಂಟುರೋಗಗಳ ವಿದ್ಯೆ ಮಾತ್ರ ಎಂದುಕೊಳ್ಳುತ್ತೇವೆ. ಆದರೆ ಸಕ್ಕರೆ ಕಾಯಿಲೆ, ಕ್ಯಾನ್ಸರ್, ರಸ್ತೆ ಅಪಘಾತ, ಕೀಟನಾಶಕದ ವಿಷ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ.

ಎರಡನೆಯದು ವಿಶ್ಲೇಷಣಾತ್ಮಕ ಶಾಖೆ. ಅದರ ಪ್ರಶ್ನೆ ‘ಏಕೆ?’ ಎಂಬುದು. ಅದಕ್ಕೆ ಉದಾಹರಣೆ ಕೇರಳದೊಳಗಿನ ಕನ್ನಡ ನೆಲದಲ್ಲೇ ಇದೆ. ಕಾಸರಗೋಡಿನ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಪಡ್ರೆ ಭಾಗದ ರೋಗಿಗಳನ್ನು ವರ್ಷಗಟ್ಟಲೆ ನೋಡಿದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್, ಒಂದೇ ಪ್ರದೇಶದಲ್ಲಿ ಇಷ್ಟು ಕಾಯಿಲೆ ಏಕೆ ಎಂದು ದನಿಯೆತ್ತಿದರು. ಬಳಿಕ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ತಜ್ಞರು ಪಡ್ರೆಯ ಬಾಲಕರನ್ನು ಸಿಂಪಡಣೆ ಇಲ್ಲದ ಇನ್ನೊಂದು ಊರಿನ ಬಾಲಕರ ಜೊತೆ ಹೋಲಿಸಿದರು. ಪಡ್ರೆಯವರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು, ಪ್ರೌಢಾವಸ್ಥೆಯ ಬೆಳವಣಿಗೆ ತಡವಾಗಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಈ ಕೀಟನಾಶಕವನ್ನು ತಡೆಹಿಡಿಯಿತು. ಆ ಮಕ್ಕಳ ಊಟ, ಅಭ್ಯಾಸ, ಶಿಸ್ತು ಯಾವುದೂ ಅವರನ್ನು ಕಾಪಾಡುವಂತಿರಲಿಲ್ಲ. ವಿಷ ಮೇಲಿನಿಂದ ಬಿದ್ದಿತ್ತು, ನಿರ್ಧಾರ ಬೇರೆಯವರದಾಗಿತ್ತು.

ಮೂರನೆಯದು ಪ್ರಾಯೋಗಿಕ ಶಾಖೆ: ‘ಏನು ಮಾಡಿದರೆ ಫಲ ಸಿಕ್ಕೀತು?’ ಇದಕ್ಕೆ ಜಗತ್ತೇ ಉಲ್ಲೇಖಿಸುವ ಉತ್ತರ ತಿರುವನಂತಪುರದಿಂದ ಬಂತು. ಅಲ್ಲಿನ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ 1996ರಿಂದ ಜಿಲ್ಲೆಯ 13 ಪ್ರದೇಶಗಳಲ್ಲಿ ಅಧ್ಯಯನ ನಡೆಸಿತು. 7 ಕಡೆ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ, 35 ದಾಟಿದವರ ಬಾಯಿಯನ್ನು ಬೆಳಕಿನಲ್ಲಿ ಕಣ್ಣಿಂದಲೇ ಪರೀಕ್ಷಿಸಿದರು. 6 ಕಡೆ ಎಂದಿನ ವ್ಯವಸ್ಥೆಯೇ ಇತ್ತು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ 34ರಷ್ಟು ಕಡಿಮೆಯಾಗಿತ್ತು. ದುಬಾರಿ ಯಂತ್ರವಿಲ್ಲ, ಬೇಕಾದದ್ದು ಕಲಿತ ಕಣ್ಣು ಮತ್ತು ಬಾಗಿಲು ತಟ್ಟುವ ತಾಳ್ಮೆ.

ಹೊರನಾಡಿನಲ್ಲಿರುವ ನಮಗೆ ಇದರಿಂದ ಏನು? ಆರೋಗ್ಯವೆಂದರೆ ರಕ್ತ ಪರೀಕ್ಷೆಯ ವರದಿ ಮಾತ್ರವಲ್ಲ. ಕುಡಿಯುವ ನೀರು, ಮಾಡುವ ಕೆಲಸ, ಬಾಡಿಗೆ ಮನೆ, ಓದು, ಸಂಬಳ, ಓಡಾಡಿದ ಊರು ಎಲ್ಲವೂ ಅದರಲ್ಲಿ ಸೇರಿವೆ. ಊರಲ್ಲೇ ಇರುವವನ ಈ ಚರಿತ್ರೆ ಅಲ್ಲಿನ ವೈದ್ಯರಿಗೆ ಗೊತ್ತಿರುತ್ತದೆ. ನಮ್ಮದು ಪ್ರತಿ ವರ್ಗಾವಣೆಯಲ್ಲೂ ಅಳಿಸಿಹೋಗುತ್ತದೆ.

ಬೇಸಿಗೆ ರಜೆಗೆ ಮಲೆನಾಡಿಗೆ ಹೋಗಿ, ಕಾಡಂಚಿನಲ್ಲಿ ತಿರುಗಾಡಿ, ಕೊಚ್ಚಿಗೆ ಮರಳಿದ ಮೇಲೆ ಜ್ವರ ಬಂದರೆ ಇಲ್ಲಿನ ವೈದ್ಯರಿಗೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಗುರುತಿಸಿದ ಮಂಗನ ಕಾಯಿಲೆ ಥಟ್ಟನೆ ಹೊಳೆಯದಿರಬಹುದು. ಮಳೆಗಾಲದಲ್ಲಿ ಇಲ್ಲಿ ನಿಂತ ನೀರಿನಲ್ಲಿ ನಡೆದು ಊರಿಗೆ ಹೋದವನ ಜ್ವರ ಇಲಿಜ್ವರವಿರಬಹುದು ಎಂಬುದು ಅಲ್ಲಿನವರಿಗೆ ಹೊಳೆಯದಿರಬಹುದು. ಎರಡರಲ್ಲೂ ತಡವಾದರೆ ಪ್ರಾಣಕ್ಕೇ ಕುತ್ತು.

ಆದ್ದರಿಂದ ವೈದ್ಯರು ಕೇಳದಿದ್ದರೂ ನಾವೇ ಹೇಳೋಣ: ಎಲ್ಲಿಂದ ಬಂದೆ, ಏನು ಕೆಲಸ, ಕಳೆದ ತಿಂಗಳು ಎಲ್ಲೆಲ್ಲಿದ್ದೆ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರು, ಗುಟ್ಕಾ ಜಗಿಯುವವರು ಮನೆಯಲ್ಲಿದ್ದರೆ ಈ ಸಲ ಊರಿಗೆ ಹೋದಾಗ ಅವರನ್ನು ದಂತವೈದ್ಯರ ಬಳಿ ಕರೆದೊಯ್ದು ಬಾಯಿ ತೋರಿಸಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು ಇದ್ದರಂತೂ ರಜೆ ಬರಲಿ ಎಂದು ಕಾಯಬೇಡಿ.