ಕಾರ್ಖಾನೆ ಕೈಬಿಟ್ಟಾಗ ಕುಟುಂಬ ಕಂಗೆಡಬೇಕೇ?

ಒಂದು ಕಾಲದಲ್ಲಿ ಮದುಮಗನಿಗೆ ಎಚ್.ಎಂ.ಟಿ. ವಾಚು ಕೊಡುವುದೆಂದರೆ ದೊಡ್ಡ ಉಡುಗೊರೆ. ಆದರೆ ಆ ಸಂಸ್ಥೆಯ ಮೂಲ ಕಸುಬು ವಾಚು ಅಲ್ಲವೆಂಬುದು ನಿಮಗೆ ಗೊತ್ತೇ? ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಎಂಬುದೇ ಅದರ ಪೂರ್ಣ ಹೆಸರು. ಯಂತ್ರಗಳನ್ನು ತಯಾರಿಸಲು ಬೇಕಾದ ಯಂತ್ರಗಳ ಕಾರ್ಖಾನೆ ಅದು. 1953ರಲ್ಲಿ ಕೇಂದ್ರ ಸರಕಾರವು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪೆನಿಯ ಸಹಕಾರದಿಂದ ಬೆಂಗಳೂರಿನಲ್ಲಿ ಇದನ್ನು ಸ್ಥಾಪಿಸಿತು. ವಾಚು ಬಂದದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ. ಜಾಲಹಳ್ಳಿಯಲ್ಲಿ ಕಾರ್ಮಿಕರಿಗೆ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ ಎಲ್ಲವೂ ಇದ್ದವು. ಅಲ್ಲಿ ಕೆಲಸ ಸಿಕ್ಕಿದರೆ ಜೀವನ ದಡ ಸೇರಿತೆಂದೇ ಜನರು ನಂಬಿದ್ದರು.

1991ರ ಬಳಿಕ ಕಾಲ ಬದಲಾಯಿತು. ವಿದೇಶೀ ಯಂತ್ರಗಳ ಆಮದು ಸುಲಭವಾಯಿತು. ಕಂಪ್ಯೂಟರ್ ನಿಯಂತ್ರಿತ ಯಂತ್ರಗಳು ಬಂದವು. ಕೀಲಿ ಕೊಡುವ ವಾಚಿನ ಜಾಗದಲ್ಲಿ ಬ್ಯಾಟರಿಯ ವಾಚು ಕುಳಿತಿತು. ಸಂಸ್ಥೆ ನಷ್ಟಕ್ಕಿಳಿಯಿತು. 'ಪುನಾರಚನೆ'ಯ ಹೆಸರಿನಲ್ಲಿ ಅದನ್ನು ಉಪಸಂಸ್ಥೆಗಳಾಗಿ ವಿಂಗಡಿಸಲಾಯಿತು, ಸ್ವಯಂ ನಿವೃತ್ತಿ ಯೋಜನೆಗಳು ಬಂದವು. ಕೊನೆಗೆ 2016ರಲ್ಲಿ ಕೇಂದ್ರ ಸಚಿವ ಸಂಪುಟವು ವಾಚು, ಚಿನಾರ್ ವಾಚು ಮತ್ತು ಬೇರಿಂಗ್ ಉಪಸಂಸ್ಥೆಗಳನ್ನೂ ಟ್ರ್ಯಾಕ್ಟರ್ ವಿಭಾಗವನ್ನೂ ಮುಚ್ಚಲು ನಿರ್ಧರಿಸಿತು.

ಸಹೋದರಿಯರೇ, ಕೆಲಸ ಹೋಗುವುದು ಗಂಡಸಿನದ್ದಾದರೂ ಅದರ ಬಿಸಿ ಮೊದಲು ತಟ್ಟುವುದು ಅಡುಗೆಮನೆಗೆ. ಆದ್ದರಿಂದ ಲೆಕ್ಕ ನಿಮಗೂ ತಿಳಿದಿರಲಿ. ಸ್ವಯಂ ನಿವೃತ್ತಿಯ ಪತ್ರಕ್ಕೆ ಸಹಿ ಹಾಕುವ ಮೊದಲು ಯಾವ ವೇತನದ ಆಧಾರದಲ್ಲಿ ಪರಿಹಾರವೆಂದು ಕೇಳಿ ನೋಡಿ. 2016ರಲ್ಲಿ ಮುಚ್ಚಿದ ವಾಚು ಕಾರ್ಖಾನೆಯವರಿಗೆ ಲೆಕ್ಕ ಹಾಕಿದ್ದು 2007ರ ವೇತನ ಶ್ರೇಣಿಯಲ್ಲಿ! ಗ್ರಾಚುಯಿಟಿ ಪರಿಹಾರದಿಂದ ಬೇರೆಯೇ ಆದ ಹಕ್ಕು. ಕಾಯಂ ನೌಕರನಿಗೆ ಐದು ವರ್ಷ ಸೇವೆಯಾಗಿದ್ದರೆ, ವರ್ಷಕ್ಕೆ 15 ದಿನಗಳ ವೇತನದಂತೆ ಅದು ಸಿಗಬೇಕು. ಭವಿಷ್ಯನಿಧಿಯ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷ ತುಂಬಿದವರಿಗೆ 58ರ ಬಳಿಕ ಪಿಂಚಣಿಯುಂಟು. 50 ದಾಟಿದವರು ಬಯಸಿದರೆ ಕಡಿಮೆ ದರದಲ್ಲಿ ಮೊದಲೇ ಪಡೆಯಬಹುದು.

ಹಣ ಒಟ್ಟಾಗಿ ಕೈಗೆ ಬಂದಾಗ ಸಲಹೆಗಾರರೂ ಒಟ್ಟಾಗಿ ಬರುತ್ತಾರೆ. ಒಬ್ಬರು ಸೈಟು ಎನ್ನುತ್ತಾರೆ, ಇನ್ನೊಬ್ಬರು ಪಾಲುದಾರಿಕೆ ಎನ್ನುತ್ತಾರೆ. ಮಗಳ ಮದುವೆಯನ್ನು ಅದ್ದೂರಿಯಾಗಿ ಮಾಡಿಬಿಡಿ ಎನ್ನುವವರೂ ಇದ್ದಾರೆ. ಯಾರಿಗೂ ಒಡನೆ ಹೂಂ ಅನ್ನಬೇಡಿ. ಮೊದಲು ಸಾಲ ತೀರಲಿ, ಒಂದು ವರ್ಷದ ಮನೆಖರ್ಚು ಮತ್ತು ಮಕ್ಕಳ ಫೀಸು ಬೇರೆಯಾಗಿ ಉಳಿಯಲಿ.

ಇನ್ನೊಂದು ಮಾತು. ಲೇತ್ ಹಿಡಿದ ಕೈಯ ಕಸುಬನ್ನು ಯಾವ ಆದೇಶವೂ ಕಿತ್ತುಕೊಳ್ಳಲಾರದು. ಕೆಲಸ ಕಳೆದುಕೊಂಡವರನ್ನು 'ಮನೆಯಲ್ಲಿ ಕುಳಿತವರು' ಎಂದು ಕರೆಯದಿರುವ ಮನೆಯಲ್ಲಿ ಆ ಕೈ ಬೇಗನೆ ಮತ್ತೊಂದು ಕೆಲಸ ಹುಡುಕಿಕೊಳ್ಳುತ್ತದೆ.